ಆಚೆ ದಡ ಮುಟ್ಟದ ದೋಣಿಗಳು

ಹೊಳೆ ಇರುವುದು ಏತಕ್ಕೆ ಎಂದು ಕೇಳಿದರೆ ಇಂದು ನಮ್ಮ ಕರಾವಳಿಯ ಉದ್ದಕ್ಕೂ ಒಂದೇ ಉತ್ತರ ಕೇಳಿಸುತ್ತದೆ: ವಿಹಾರಕ್ಕೆ. ಕುಡಿಯುವುದಕ್ಕಲ್ಲ, ಗದ್ದೆಗಲ್ಲ, ಮೀನಿಗಲ್ಲ, ಆಚೆ ಊರಿನ ಮದುವೆಗೆ ಹೋಗುವುದಕ್ಕೂ ಅಲ್ಲ. ನೀರು ಸುಮ್ಮನೆ ಹರಿದು ಕಡಲು ಸೇರುತ್ತಿದೆಯಂತೆ. ಅದು 'ವ್ಯರ್ಥ'ವಂತೆ. ಅದರ ಮೇಲೆ ಬಣ್ಣದ ದೀಪ ಹಾಕಿದ ಬೋಟು ಓಡಿಸಿದರೆ ವ್ಯರ್ಥ ಹೋಗಿ ಅರ್ಥ ಬರುತ್ತದಂತೆ. ಹೀಗೆ ಹೇಳುವ ಮಹನೀಯರೆಲ್ಲರೂ ಕೊನೆಗೆ ಬೆರಳು ಮಾಡುವುದು ಒಂದೇ ಊರಿನ ಕಡೆಗೆ: 'ಗೋವೆಯನ್ನು ನೋಡಿ ಕಲಿಯಿರಿ.'

ಗೋವೆಯನ್ನು ನೋಡೋಣ. ನೋಡದೆ ಹೊಗಳುವುದು ಎಷ್ಟು ಸುಲಭವೋ ನೋಡದೆ ಬಯ್ಯುವುದೂ ಅಷ್ಟೇ ಸುಲಭ.

ಅದಕ್ಕೆ ಮೊದಲು ಒಂದು ಹಿಮದ ಮಾತು. ಈಚೆಗೆ ನಮ್ಮ ಕಡೆಯ ಪ್ರವಾಸೋದ್ಯಮ ಸಭೆಯೊಂದರಲ್ಲಿ ಭಾಷಣಕಾರರೊಬ್ಬರು, 'ಕೆನಡಾದವರು ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೂ ದೋಣಿ ಓಡಿಸಿ ಪ್ರವಾಸಿಗರನ್ನು ಸೆಳೆಯುತ್ತಾರೆ, ಮಂಜುಗಡ್ಡೆ ಅವರಿಗೆ ಅಡ್ಡಿಯಾಗಲಿಲ್ಲ, ನಮಗೆ ಹರಿಯುವ ನೀರಿದ್ದೂ ಕೈಲಾಗುವುದಿಲ್ಲ' ಎಂದು ಮೂದಲಿಸಿದರು. ಸಭೆ ಚಪ್ಪಾಳೆ ತಟ್ಟಿತು. ನಾಚಿಕೆಪಟ್ಟುಕೊಂಡೇ ತಟ್ಟಿತು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಅರ್ಧ ಹೇಳಿದರು, ಬಿಟ್ಟದ್ದು ಮುಖ್ಯವಾದ ಅರ್ಧವನ್ನು.

ಕೆನಡಾದ ಕ್ವಿಬೆಕ್ ನಗರದ ಮುಂದೆ ಸೇಂಟ್ ಲಾರೆನ್ಸ್ ನದಿ ಹರಿಯುತ್ತದೆ. ಅಲ್ಲಿಯವರೆಗೂ ಕಡಲಿನ ಭರತ ಇಳಿತ ಬರುವುದರಿಂದ ಚಳಿಗಾಲದಲ್ಲಿ ಆ ನದಿ ಪೂರ್ತಿ ಹೆಪ್ಪುಗಟ್ಟಿ ನಿಲ್ಲುವುದು ಅಪರೂಪ. ಗದ್ದೆಯಷ್ಟು ಅಗಲದ ಮಂಜಿನ ಹಾಸುಗಳು ಒಡೆದು, ಒಂದಕ್ಕೊಂದು ಢಿಕ್ಕಿ ಹೊಡೆಯುತ್ತ ತೇಲುತ್ತಿರುತ್ತವೆ. ನಡೆದು ದಾಟುವ ಹಾಗಿಲ್ಲ, ಬರೀ ಹುಟ್ಟು ಹಾಕಿ ದಾಟುವ ಹಾಗೂ ಇಲ್ಲ. ಆದರೆ ಆಚೆ ದಡದ ಲೆವಿ ಎಂಬ ಊರಿಗೆ, ನಡುವಿನ ದ್ವೀಪಗಳಿಗೆ, ಜನ ಹೋಗಲೇಬೇಕು, ಅಂಚೆ ಹೋಗಲೇಬೇಕು, ಕಾಯಿಲೆಯವರು ವೈದ್ಯರ ಬಳಿಗೆ ಬರಲೇಬೇಕು. ಆದ್ದರಿಂದ ಅಲ್ಲಿಯ ಅಂಬಿಗರು ಒಂದು ಉಪಾಯ ಕಂಡುಕೊಂಡರು. ನೀರು ಸಿಕ್ಕಲ್ಲಿ ಹುಟ್ಟು ಹಾಕುವುದು. ಮಂಜು ಸಿಕ್ಕಲ್ಲಿ ಒಂದು ಕಾಲು ದೋಣಿಯೊಳಗೆ, ಇನ್ನೊಂದು ಮೊಳೆಬೂಟಿನ ಕಾಲು ಹೊರಗೆ, ಒದ್ದು ಒದ್ದು ಜಾರಿಸುವುದು. ಗಡ್ಡೆ ಎತ್ತರವಾಗಿದ್ದರೆ ದೋಣಿಯನ್ನೇ ಎಳೆದು ದಾಟಿಸುವುದು. ಕಾಲು ತಪ್ಪಿದರೆ ಮೈ ಮರಗಟ್ಟಿಸುವ ನೀರು. ಮಂಜು ಒಡೆಯುವ ಹಡಗುಗಳು ಬಂದವು, 1917ರಲ್ಲಿ ಕ್ವಿಬೆಕ್‌ನ ದೊಡ್ಡ ಸೇತುವೆ ಆಯಿತು, ಈ ಕೆಲಸದ ಅಗತ್ಯ ಕಡಮೆಯಾಯಿತು. ಆಗ ಅವರು ಅದನ್ನು ಮರೆಯಲಿಲ್ಲ. 1955ರಿಂದ ತಮ್ಮ ಚಳಿಗಾಲದ ಉತ್ಸವದಲ್ಲಿ ಅದನ್ನು ಪಂದ್ಯವಾಗಿ ನಡೆಸಿದರು. ಒಂದೊಂದು ದೋಣಿಗೆ ಐದು ಮಂದಿ. ಈಗ ಹೆಂಗಸರ ತಂಡಗಳೂ ಇವೆ. 2014ರಲ್ಲಿ ಕ್ವಿಬೆಕ್ ಸರಕಾರ ಈ ವಿದ್ಯೆಯನ್ನು ತನ್ನ ಸಂಸ್ಕೃತಿಯ ಆಸ್ತಿಯೆಂದು ಘೋಷಿಸಿತು.

ನಮ್ಮ ಭಾಷಣಕಾರರು ಬಿಟ್ಟ ಅರ್ಧ ಇದು. ಆ ಆಟ ಮೊದಲು ಕೂಲಿಯಾಗಿತ್ತು. ಕಡವಿನ ದೋಣಿಯವನ ಹೊಟ್ಟೆಪಾಡು ಅವನ ಮೊಮ್ಮಕ್ಕಳ ಹೆಮ್ಮೆಯಾಯಿತು. ಇವತ್ತೂ ಪಂದ್ಯದ ದೋಣಿ ಆಚೆ ದಡ ಮುಟ್ಟಿಯೇ ಮರಳಬೇಕು. ಹೊಳೆಯ ನಡುವೆ ಸುತ್ತು ಹಾಕಿ ಬಂದವನಿಗೆ ಅಲ್ಲಿ ಬಹುಮಾನವಿಲ್ಲ.

'ಕಡವು' ಎಂದೆ. ಗಡಿನಾಡಿನವರಿಗೆ ಈ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಸಂಚಿಕೆಯ ಮಲೆಯಾಳ ಪುಟಗಳ ಓದುಗರಿಗೂ ಅದು ಅದೇ ಪದ, ಅದೇ ಅರ್ಥ. ದೋಣಿ ಅವರಿಗೆ ತೋಣಿ. ನಮಗೆ 'ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ' ಎಂಬ ಗಾದೆಯಿದ್ದರೆ ಅವರಿಗೆ 'ಪಾಲಂ ಕಡಕ್ಕುವೋಳಂ ನಾರಾಯಣ, ಪಾಲಂ ಕಡನ್ನಾಲ್ ಕೂರಾಯಣ' ಎಂಬುದಿದೆ. ಎರಡು ಭಾಷೆಯವರೂ ಕೃತಘ್ನತೆಯ ಮಾತು ಹೇಳಬೇಕಾದಾಗ ಹೊಳೆಯ ದಂಡೆಗೇ ಬಂದು ನಿಂತಿದ್ದಾರೆ. ಅಂಬಿಗರ ಚೌಡಯ್ಯನಂಥ ನಿಷ್ಠುರಿಯನ್ನು ಶರಣನೆಂದು ಒಪ್ಪಿದ ನಾಡು ನಮ್ಮದು. ದಾಸರು ದೇವರನ್ನೇ ಅಂಬಿಗನೆಂದು ಕರೆದ ನಾಡು. ದಾಟಿಸುವುದು ಎಂಬ ಕೆಲಸದ ಮೇಲೆ ನಮ್ಮವರಿಗಿದ್ದ ಗೌರವ ಅಷ್ಟು.

ಈಗ ಪಣಜಿಗೆ ಬನ್ನಿ. ತಿಂಗಳು ಡಿಸೆಂಬರ್ ಇರಲಿ. ಗೋವೆಯ ಚಳಿಗಾಲವೆಂದರೆ ರಾತ್ರಿ ಒಂದು ತೆಳ್ಳನೆ ಹೊದಿಕೆ ಸಾಕಾಗುವ ಚಳಿಗಾಲ. ಅಲ್ಲಿ ನೀರು ಹೆಪ್ಪುಗಟ್ಟುವುದು ಸೋಡಾ ಅಂಗಡಿಯ ಪೆಟ್ಟಿಗೆಯಲ್ಲಿ ಮಾತ್ರ. ಮಳೆ ನಿಂತಿದೆ, ಆಕಾಶ ತೊಳೆದಂತಿದೆ, ಮಾಂಡೋವಿ ನದಿ ಕೆಸರಿಳಿದು ತಿಳಿಯಾಗಿದೆ. ಪ್ರವಾಸಿಗರ ಕಾಲ ಇದೇ. ಸಂಜೆಯಾದೊಡನೆ ಸಾಂತಾ ಮೋನಿಕಾ ಜೆಟ್ಟಿಯಿಂದ ವಿಹಾರದ ಬೋಟುಗಳು ಹೊರಡುತ್ತವೆ. ಮೇಲಟ್ಟದಲ್ಲಿ ವೇದಿಕೆ, ಕಿವಿ ಕೊರೆಯುವ ಸಂಗೀತ, ಕೈಯಲ್ಲಿ ಬಾಟಲಿ. ಸುಮಾರು ಒಂದು ತಾಸು ನದಿಯಲ್ಲಿ ಸುತ್ತಾಡಿ, ಹೊರಟ ಜೆಟ್ಟಿಗೇ ಬಂದು ಜನರನ್ನು ಇಳಿಸುತ್ತವೆ. ಆ ವೇದಿಕೆಯಲ್ಲಿ ಪೋರ್ಚುಗೀಸ್ ಕುಣಿತದ ಜೊತೆ ಗೋವೆಯದೇ ಆದ ದೆಖ್ಣಿ ನೃತ್ಯವನ್ನೂ ತೋರಿಸುತ್ತಾರೆ. ದೆಖ್ಣಿಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಯಾವುದು? ಆಚೆ ದಡದ ಮದುವೆಗೆ ಕುಣಿಯಲು ಹೋಗಬೇಕಾದ ಹೆಣ್ಣೊಬ್ಬಳು ತನ್ನನ್ನು ದಾಟಿಸೆಂದು ಅಂಬಿಗನನ್ನು ಬೇಡುವ ಹಾಡು. 1973ರ 'ಬಾಬಿ' ಚಿತ್ರದಲ್ಲಿ ಅದರ ಧಾಟಿಯನ್ನು ಬಳಸಿಕೊಂಡಿದ್ದರಿಂದ ಹಿಂದಿ ಬಲ್ಲ ನಮ್ಮವರಿಗೂ ಪರಿಚಯ. ಆಕೆ ಮೈಮೇಲಿನ ಒಡವೆಗಳನ್ನು ಒಂದೊಂದಾಗಿ ಕೊಡಲು ಬರುತ್ತಾಳೆ. ಅಂಬಿಗ ಒಂದೊಂದನ್ನೂ ಬೇಡವೆನ್ನುತ್ತಾನೆ.

ಆಚೆ ದಡ ಮುಟ್ಟಬೇಕೆಂದು ಹಂಬಲಿಸುವ ಹಾಡನ್ನು ಆಚೆ ದಡ ಮುಟ್ಟದ ಬೋಟಿನಲ್ಲಿ ಹಾಡಿಸುತ್ತಾರೆ. ನೋಡುವವರು ಯಾರೂ ನಗುವುದಿಲ್ಲ. ನದಿಯ ಗತಿ ಇಲ್ಲಿಗೆ ಬಂದಿದೆ.

ಈ ಬೋಟುಗಳ ಮೇಲೆ ನನಗೆ ದೊಡ್ಡ ಸಿಟ್ಟಿಲ್ಲ. ಒಂದು ತಾಸಿನ ಗದ್ದಲ, ಮಕ್ಕಳಿಗೆ ಖುಷಿ, ಮುಗಿಯಿತು. ಆದರೆ ಅವುಗಳ ಆಚೆ ನದಿಯ ನಡುವೆಯೇ ಲಂಗರು ಹಾಕಿ ನಿಂತವಲ್ಲ, ಮನೆಯಂತೆ, ಅಲ್ಲ, ಪೇಟೆಯಂತೆ ಮಿನುಗುವ ಹಡಗುಗಳು? ಅವು ಸುತ್ತುವುದೂ ಇಲ್ಲ. ಹಡಗೆಂದು ಹೆಸರು, ವಾಸ್ತವದಲ್ಲಿ ನೀರಿನ ಮೇಲೆ ಕಟ್ಟಿದ ಜೂಜಿನ ಅಡ್ಡೆ. ಪಣಜಿಯ ಜೆಟ್ಟಿಗಳಿಂದ ಸಣ್ಣ ಬೋಟುಗಳಲ್ಲಿ ಗಿರಾಕಿಗಳನ್ನು ಅಲ್ಲಿಗೆ ಒಯ್ಯುತ್ತಾರೆ. ಇಂಥ ಆರು ಕ್ಯಾಸಿನೋ ಹಡಗುಗಳು ಮಾಂಡೋವಿಯಲ್ಲಿವೆ.

ಇವು ಬಂದದ್ದು ಹೇಗೆ? 1976ರ ಗೋವಾ ಜೂಜು ನಿಷೇಧ ಕಾನೂನಿಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಜೂಜಿನ ಯಂತ್ರಗಳಿಗೆ ಅವಕಾಶ ಕೊಟ್ಟರು. 1996ರಲ್ಲಿ ಮತ್ತೊಂದು ತಿದ್ದುಪಡಿ: ಕರೆಯಿಂದಾಚೆ, ಎಂದರೆ ಕಡಲಿನಲ್ಲಿ, ನಿಲ್ಲುವ ಹಡಗುಗಳಲ್ಲಿ ಜೂಜಾಡಬಹುದು. ಕಾನೂನಿನ ಮಾತು 'ಕರೆಯಿಂದಾಚೆ'. ಹಡಗು ನಿಂತಿರುವುದು ನದಿಯೊಳಗೆ. ಬಿಜಾಪುರದ ಆದಿಲಶಾಹನ ಅರಮನೆಯೆಂದು ಹೆಸರಾದ ಹಳೆಯ ಸಚಿವಾಲಯದ ಕಡೆಯಿಂದ ಕಣ್ಣೆತ್ತಿದರೆ ಕಾಣುವಷ್ಟು ಸಮೀಪ. ನದಿಯನ್ನು ಕಡಲೆಂದು ಓದುವ ಈ ವ್ಯಾಕರಣ ಯಾವ ಪಾಠಶಾಲೆಯದು? ವಿರೋಧ ಪಕ್ಷದಲ್ಲಿದ್ದಾಗ 'ಕ್ಯಾಸಿನೋ ತೊಲಗಿಸುತ್ತೇವೆ' ಎಂದು ಬೀದಿಗಿಳಿದವರು ಅಧಿಕಾರಕ್ಕೆ ಬಂದ ಮೇಲೆ, ಬೇರೆ ಜಾಗ ಹುಡುಕುತ್ತಿದ್ದೇವೆ ಎನ್ನುತ್ತ ಹಡಗುಗಳ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಿದರು. 2017ರ ಜುಲೈಯಲ್ಲಿ, ಮಳೆಗಾಲದ ಅಬ್ಬರದ ನಡುವೆ ಮಾಂಡೋವಿಗೆ ತರುತ್ತಿದ್ದ 'ಲಕ್ಕಿ ಸೆವೆನ್' ಎಂಬ ಕ್ಯಾಸಿನೋ ಹಡಗು ಮಿರಾಮಾರ್ ಕಡಲತೀರದ ಹೊಯ್ಗೆಯಲ್ಲಿ ಹೂತು ನಿಂತಿತು. ಅದೃಷ್ಟದ ಹೆಸರಿಟ್ಟುಕೊಂಡ ಹಡಗಿಗೆ ನದಿಯ ಬಾಯಿಯೇ ಬೇಡವೆಂದಿತು, ಮನುಷ್ಯರು ಬೇಡವೆನ್ನಲಿಲ್ಲ.

ಇನ್ನೊಂದು ಸಂಗತಿಯನ್ನು ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕು. 2020ರ ಫೆಬ್ರವರಿ 1ರಿಂದ ಗೋವೆಯ ನಿವಾಸಿಗಳು ಈ ಕ್ಯಾಸಿನೋಗಳಿಗೆ ಕಾಲಿಡಬಾರದೆಂದು ಅಲ್ಲಿಯ ಸರಕಾರವೇ ನಿಷೇಧ ಹಾಕಿತು. ತಮ್ಮ ಮಕ್ಕಳಿಗೆ ಇದು ವಿಷವೆಂದು ಅವರಿಗೆ ಗೊತ್ತಿದೆ. ಹಾಗಾದರೆ ಮೇಜಿನ ಸುತ್ತ ಕುಳಿತವರು ಯಾರು? ವಿದೇಶದವರು ಎಂದು ತಿಳಿದರೆ ತಪ್ಪು. ಕಿವಿಗೊಟ್ಟು ಕೇಳಿ. ಜೆಟ್ಟಿಯಲ್ಲಿ ಕೇಳಿಸುವ ಭಾಷೆಗಳಲ್ಲಿ ಕನ್ನಡ ಹಿಂದೆ ಬಿದ್ದಿಲ್ಲ. ಬೆಳಗಾವಿ ಹುಬ್ಬಳ್ಳಿಗಳ ಕನ್ನಡ, ಬೆಂಗಳೂರಿನ ಕನ್ನಡ, ನಮ್ಮ ಮಂಗಳೂರು ಕಾಸರಗೋಡಿನ ಕನ್ನಡ, ತುಳು, ಮಲೆಯಾಳ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಕಾಸರಗೋಡಿನಲ್ಲಿ ಹತ್ತಿ ಮಡಗಾಂವಿಯಲ್ಲಿ ಇಳಿಯುವುದು ಒಂದು ನಿದ್ದೆಯ ಕೆಲಸ. ಗೋವೆಯ ಕಾನೂನು ಗೋವೆಯವನನ್ನು ಕಾಯುತ್ತದೆ. ನಮ್ಮವನನ್ನು 'ಬನ್ನಿ ಬನ್ನಿ' ಎನ್ನುತ್ತದೆ. ಬ್ಯಾಂಕಿನಲ್ಲಿ ಚಿನ್ನದ ಸಾಲದ ಕೌಂಟರಿನಲ್ಲಿ ಕುಳಿತ ನಮ್ಮಂಥವರಿಗೆ ಜನವರಿಯ ಮೊದಲ ವಾರದಲ್ಲಿ ಬರುವ ಕೆಲವು ಬಳೆ, ಸರಗಳ ಹಿಂದಿನ ಕಥೆ ಊಹಿಸಲು ಕಷ್ಟವಿಲ್ಲ. ಅವನ್ನು ಇಲ್ಲಿ ಬರೆಯುವುದು ವೃತ್ತಿಧರ್ಮವಲ್ಲ. ಇಷ್ಟು ಮಾತ್ರ ಹೇಳಬಹುದು: ಹಾಡಿನ ಅಂಬಿಗ ಹೆಣ್ಣಿನ ಒಡವೆಯನ್ನು ಬೇಡವೆಂದ. ಈ ಹಡಗು ಯಾವುದನ್ನೂ ಬೇಡವೆನ್ನುವುದಿಲ್ಲ.

ಇದೇ ನದಿಯಲ್ಲಿ ಇನ್ನೊಂದು ಜಾತಿಯ ದೋಣಿಗಳಿವೆ. ಚಪ್ಪಟೆ ತಳದ, ಎರಡೂ ತುದಿ ಬಿಚ್ಚಿದ, ತುಕ್ಕು ಹಿಡಿದ ಕಬ್ಬಿಣದ ಫೆರಿಗಳು. ಗೋವಾ ಸರಕಾರದ ನದಿ ಸಂಚಾರ ಇಲಾಖೆಯವು. ಪಣಜಿಯಿಂದ ಬೆತಿಮ್‌ಗೆ, ರಾಯಬಂದರಿನಿಂದ ಚೊಡಣ ದ್ವೀಪಕ್ಕೆ, ಹಳೆ ಗೋವೆಯಿಂದ ದಿವಾಡಿಗೆ, ಉತ್ತರದ ತುದಿಯಲ್ಲಿ ಕೇರಿಯಿಂದ ತೆರೆಖೋಲಿಗೆ. ನಡೆದು ಹತ್ತುವವನಿಗೆ ಟಿಕೇಟಿಲ್ಲ. ಬೆಳಗ್ಗೆ ಅದರಲ್ಲಿ ಮೀನಿನ ಬುಟ್ಟಿ, ಶಾಲೆಯ ಚೀಲ, ಆಫೀಸಿನ ಬುತ್ತಿ, ಹಾಲಿನ ಕ್ಯಾನು, ಸ್ಕೂಟರುಗಳು ಒತ್ತೊತ್ತಾಗಿ ನಿಲ್ಲುತ್ತವೆ. ಯಾರೂ ಯಾರನ್ನೂ ಕುಣಿಸುವುದಿಲ್ಲ. ಹಗ್ಗ ಬಿಚ್ಚುತ್ತಾರೆ, ಎಂಜಿನ್ ಗುಡುಗುತ್ತದೆ, ಸ್ವಲ್ಪ ಹೊತ್ತಿಗೆ ಆಚೆ ದಡ. ಚೊಡಣದಲ್ಲಿ ಇಳಿದರೆ ಕಾಂಡ್ಲದ ಕಾಡು. 1988ರಲ್ಲಿ ಸಲೀಂ ಅಲಿಯವರ ಹೆಸರಿನಲ್ಲಿ ಘೋಷಿಸಿದ ಪಕ್ಷಿಧಾಮ. ಚಳಿಗಾಲದ ವಿಹಾರ ಬೇಕೆನ್ನುವವರಿಗೆ ಇದಕ್ಕಿಂತ ಚೆಂದದ ವಿಹಾರ ಇಡೀ ಗೋವೆಯಲ್ಲಿಲ್ಲವೆಂದು ನನ್ನ ಅಭಿಪ್ರಾಯ. ಫೆರಿಗೆ ಖರ್ಚು ಸೊನ್ನೆ. ಬಹುಶಃ ಅದಕ್ಕೇ ಯಾರೂ ಜಾಹೀರಾತು ಕೊಡುವುದಿಲ್ಲ.

ಫೆರಿಯ ಬೆಲೆ ಏನೆಂದು ಗೋವೆಯವರಿಗೆ 1986ರ ಜುಲೈ 5ರಂದು ಗೊತ್ತಾಯಿತು. ಅಂದು ಮಾಂಡೋವಿಯ ನೆಹರೂ ಸೇತುವೆ ಕುಸಿಯಿತು. ಕಟ್ಟಿ ಇನ್ನೂ ಇಪ್ಪತ್ತು ವರ್ಷ ಆಗಿರಲಿಲ್ಲ. ಬದಲಿ ಸೇತುವೆ ತೆರೆದದ್ದು 1992ರಲ್ಲಿ. ಆ ನಡುವಿನ ವರ್ಷಗಳಲ್ಲಿ ರಾಜಧಾನಿಯನ್ನೂ ಬಾರ್ದೇಸನ್ನೂ ಹೊಲಿದು ಹಿಡಿದದ್ದು ದೋಣಿಗಳೇ. ಪೋರ್ಚುಗೀಸರು 1630ರ ದಶಕದಲ್ಲಿ ಪಣಜಿ ರಾಯಬಂದರುಗಳ ನಡುವೆ ಕಟ್ಟಿದ ಲಿಞಾರಿಸ್ ಸೇತುವೆ ಇಂದಿಗೂ ವಾಹನಗಳನ್ನು ಹೊರುತ್ತಿದೆ. ಹಳೆಯದು ನಿಂತು ಹೊಸದು ಬಿದ್ದ ಬಗ್ಗೆ ನಮ್ಮ ಕಾಸರಗೋಡಿನವರು ಗೋವೆಯನ್ನು ನೋಡಿ ನಗುವ ಹಾಗಿಲ್ಲ. ತೃಕ್ಕರಿಪುರದಿಂದ ವಲಿಯಪರಂಬಕ್ಕೆ 2013ರಲ್ಲಿ ಕಟ್ಟಿ ತೆರೆದ ಮಾಡಕ್ಕಾಲ್ ತೂಗುಸೇತುವೆ ಎರಡು ತಿಂಗಳು ತುಂಬುವ ಮೊದಲೇ ಬಿತ್ತು. ಜನ ಏನು ಮಾಡಿದರು? ಮತ್ತೆ ಕಡವಿಗೆ ಬಂದು ದೋಣಿಗೆ ಕೂಗು ಹಾಕಿದರು.

ಹೀಗಿದ್ದೂ 2023ರಲ್ಲಿ ಗೋವಾ ಸರಕಾರ ಫೆರಿಯಲ್ಲಿ ದಾಟುವ ದ್ವಿಚಕ್ರ ವಾಹನಗಳಿಗೆ ಶುಲ್ಕ ಹಾಕಲು ಹೊರಟಿತು. ದ್ವೀಪದ ಜನ ಕೆರಳಿದ ಮೇಲೆ ಹಿಂದೆ ಸರಿಯಿತು. 2025ರಲ್ಲಿ ಚೊಡಣ ಮಾರ್ಗಕ್ಕೆ ಹೊಸ ರೋ-ರೋ ಫೆರಿಗಳು ಬಂದವು, ಒಳ್ಳೆಯದೇ, ಒಪ್ಪೋಣ. ಆದರೆ ನದಿಯ ಮಧ್ಯೆ ಜೂಜಿನ ಹಡಗು ಅಲುಗಾಡದೆ ನಿಲ್ಲಲು ವರ್ಷ ವರ್ಷ ಅವಕಾಶ ವಿಸ್ತರಿಸುವ ಸರಕಾರಕ್ಕೆ, ಕೆಲಸಕ್ಕೆ ಹೋಗುವವನ ಸ್ಕೂಟರಿನಿಂದ ಹತ್ತು ರೂಪಾಯಿ ಎತ್ತುವ ಯೋಚನೆ ಹೊಳೆಯಿತಲ್ಲ, ಆ ಯೋಚನೆಯ ಬಗ್ಗೆ ನಾನು ಮಾತಾಡುತ್ತಿರುವುದು.

ಈ ನದಿ ಬರುವುದಾದರೂ ಎಲ್ಲಿಂದ? ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಭೀಮಗಡದ ಕಾಡಿನಿಂದ. ಅಲ್ಲಿ ನಾವು ಅದನ್ನು ಮಹದಾಯಿ ಎನ್ನುತ್ತೇವೆ. ಅದರ ನೀರಿಗಾಗಿ ಕರ್ನಾಟಕ, ಗೋವೆ, ಮಹಾರಾಷ್ಟ್ರಗಳು ಜಗಳವಾಡಿ 2010ರಲ್ಲಿ ನ್ಯಾಯಮಂಡಳಿ ಏರ್ಪಟ್ಟಿತು. 2018ರ ಆಗಸ್ಟ್ 14ರಂದು ತೀರ್ಪು ಬಂತು. ಕರ್ನಾಟಕಕ್ಕೆ 13.42 ಟಿ.ಎಂ.ಸಿ.; ಅದರಲ್ಲಿ ಮಲಪ್ರಭೆಗೆ ತಿರುಗಿಸಬಹುದಾದದ್ದು 3.9. ಜಗಳ ಅಲ್ಲಿಗೂ ಮುಗಿಯಲಿಲ್ಲ. ನರಗುಂದದ ರೈತರು ಕುಡಿಯುವ ನೀರಿಗಾಗಿ 2015ರಿಂದ ಧರಣಿ ಕುಳಿತರು. ಗೋವೆಯವರು 'ಮಹದಾಯಿ ನಮ್ಮ ತಾಯಿ, ಒಂದು ಹನಿಯನ್ನೂ ಬಿಡೆವು' ಎಂದರು. ಕಾಡು, ಕಾಂಡ್ಲ, ಮೀನು ಉಳಿಯಬೇಕೆಂಬ ಅವರ ವಾದದಲ್ಲಿ ಹುರುಳಿದೆ. ಕನ್ನಡಿಗನಾದ ಮಾತ್ರಕ್ಕೆ ಅದನ್ನು ಅಲ್ಲಗಳೆಯಲಾರೆ. ಆದರೆ ಒಂದು ಪ್ರಶ್ನೆ ಕೇಳಲೇಬೇಕು. ಬೆಟ್ಟದ ಮೇಲೆ ತಾಯಿಯಾದವಳು ಪಣಜಿಗೆ ಬಂದೊಡನೆ ಜೂಜಿನ ಮನೆಯ ಅಂಗಳ ಹೇಗಾದಳು? ನರಗುಂದದವನಿಗೆ ಕೊಡದ ನೀರಿನ ಮೇಲೆ ಹುಬ್ಬಳ್ಳಿಯವನನ್ನು ಕೂರಿಸಿ ಇಸ್ಪೀಟು ಆಡಿಸುವುದು ಯಾವ ಮಾತೃಭಕ್ತಿ? ನಮ್ಮ ಕಡೆಯವರಿಗೂ ಕೇಳುತ್ತೇನೆ. ಹಗಲು 'ನಮ್ಮ ನೀರು ನಮ್ಮ ಹಕ್ಕು' ಎಂದು ಬಾವುಟ ಹಿಡಿದು, ಅದೇ ನದಿಯ ಬಾಯಿಯಲ್ಲಿ ರಾತ್ರಿ ಚೀಟಿ ಕಲಸಲು ಹೋಗುವುದು ಯಾವ ಹೋರಾಟ?

ಗೋವೆಯವರಿಗೆ ನದಿಯಲ್ಲಿ ಆಡಲು ಬಾರದು ಎಂದಲ್ಲ. ಪ್ರವಾಸಿಯೊಬ್ಬನೂ ಇಲ್ಲದ ಕಾಲದಿಂದ ಅವರು ಆಡುತ್ತ ಬಂದಿದ್ದಾರೆ. ಕಾರ್ತಿಕ ಹುಣ್ಣಿಮೆಯ ರಾತ್ರಿ, ತ್ರಿಪುರಾರಿ ಹುಣ್ಣಿಮೆಯೆಂದು, ಸಾಂಖಳಿಯ ವಿಠ್ಠಲಾಪುರದಲ್ಲಿ ವಾಳವಂಟಿ ಹೊಳೆಗೆ ದೀಪ ಬಿಡುತ್ತಾರೆ. ಬಿದಿರು, ಬಣ್ಣದ ಕಾಗದಗಳಲ್ಲಿ ಕುಶಲಿಗಳು ತಿಂಗಳುಗಟ್ಟಲೆ ಕುಳಿತು ಮಾಡಿದ ನಾವೆಗಳು, ಒಂದಕ್ಕಿಂತ ಒಂದು ಅಲಂಕಾರದವು, ಸ್ಪರ್ಧೆಗೆ ಇಳಿಯುತ್ತವೆ. ಚೌತಿಯ ಏಳನೆಯ ದಿನ ಕುಂಭಾರಜುವೆಯಲ್ಲಿ ಸಾಂಗೊಡ್ ಎಂಬ ಹಬ್ಬ: ಎರಡು ದೋಣಿಗಳನ್ನು ಪಕ್ಕಪಕ್ಕಕ್ಕೆ ಕಟ್ಟಿ, ಮೇಲೆ ಹಲಗೆ ಹಾಸಿ, ಅದರ ಮೇಲೆ ಪುರಾಣದ ವೇಷಗಳನ್ನು ನಿಲ್ಲಿಸಿ ಗಣಪತಿಯ ಜೊತೆ ಹೊಳೆಯಲ್ಲಿ ಸಾಗುತ್ತಾರೆ. ಜೂನ್ 29ರಂದು, ಸಂತ ಪೇತ್ರನ ಹಬ್ಬಕ್ಕೆ, ಕ್ರೈಸ್ತ ಮೀನುಗಾರರೂ ಅದೇ ಹೆಸರಿನಲ್ಲಿ, ಅದೇ ರೀತಿ ದೋಣಿ ಜೋಡಿಸುತ್ತಾರೆ. ದೇವರು ಬೇರೆ, ದೋಣಿ ಕಟ್ಟುವ ಹಗ್ಗ ಒಂದೇ.

'ಹಾಗಾದರೆ ಸಾಂಖಳಿಯ ಕಾಗದದ ನಾವೆ ಆಚೆ ದಡ ಮುಟ್ಟುತ್ತದೆಯೇ?' ಎಂದು ತಾರ್ಕಿಕರು ಕೇಳಿಯಾರು. ಮುಟ್ಟುವುದಿಲ್ಲ. ಆದರೆ ಅದನ್ನು ನೋಡುವವರು ಎರಡೂ ದಂಡೆಯ ಊರಿನವರು, ಮಾಡಿದವರು ಅವರೇ, ಮರುದಿನ ಆ ಹೊಳೆಯಲ್ಲಿ ಮೀಯುವವರೂ ಅವರೇ. ಗಲೀಜು ಮಾಡಿದರೆ ನೆರೆಮನೆಯವನಿಗೆ ಉತ್ತರ ಹೇಳಬೇಕು. ಕ್ಯಾಸಿನೋ ಹಡಗಿನಿಂದ ಇಳಿದವನು ಮರುದಿನ ಬೆಂಗಳೂರಿನಲ್ಲಿರುತ್ತಾನೆ. ಅವನು ಯಾರಿಗೆ ಉತ್ತರ ಹೇಳಬೇಕು?

ದಂಡೆಯ ಮಾತು ಬಂತು. ಗೋವೆಯ ಹೊಳೆಗಳ ಬದಿಯಲ್ಲಿ ಖಾಜನ್ ಎಂಬ ಗದ್ದೆಗಳಿವೆ, ಸುಮಾರು 18,000 ಹೆಕ್ಟೇರ್. ಉಪ್ಪುನೀರನ್ನು ಮಣ್ಣಿನ ಒಡ್ಡಿನಿಂದ ತಡೆದು, ತೂಬಿನ ಬಾಗಿಲುಗಳಿಂದ ಭರತ ಇಳಿತಗಳನ್ನು ಅಳೆದು ಬಿಟ್ಟು, ಒಂದು ಬೆಳೆ ಭತ್ತ, ಮತ್ತೆ ಮೀನು ಸಿಗಡಿ. ಕುಮಟಾ ಕಡೆಯ ಕಗ್ಗ ಭತ್ತದ ಗಜನಿ ಗದ್ದೆ, ಕಣ್ಣೂರಿನ ಕೈಪಾಡ್, ಇವೆಲ್ಲ ಒಂದೇ ವಿದ್ಯೆಯ ಅಣ್ಣತಮ್ಮಂದಿರು. ಈ ಒಡ್ಡುಗಳಿಗೆ ದೊಡ್ಡ ಶತ್ರು ಯಂತ್ರದ ನಾವೆಗಳು ಎಬ್ಬಿಸುವ ಅಲೆ. ಅದಿರು ಹೊತ್ತ ಬಾರ್ಜುಗಳ ಕಾಲದಿಂದಲೂ ಒಡ್ಡು ಕುಸಿಯುತ್ತದೆಂದು ರೈತರು ಬೊಬ್ಬಿಡುತ್ತಲೇ ಬಂದರು. 2016ರ ಕಾಯಿದೆಯಲ್ಲಿ ಮಾಂಡೋವಿ, ಝುವಾರಿ, ಅವೆರಡನ್ನು ಜೋಡಿಸುವ ಕುಂಭಾರಜುವೆ ಕಾಲುವೆ, ಮೂರೂ ರಾಷ್ಟ್ರೀಯ ಜಲಮಾರ್ಗಗಳಾದವು. ಝುವಾರಿ ಕೊಲ್ಲಿಯ ನೌಶಿಯಲ್ಲಿ ಶ್ರೀಮಂತರ ವಿಹಾರನೌಕೆಗಳಿಗೆ ಮರೀನಾ ಕಟ್ಟುವ ಯೋಜನೆ ಬಂದಾಗ ಮೀನುಗಾರರು ಎದ್ದು ನಿಂತರು. ಆ ಕೊಲ್ಲಿಯ ಕೆಸರಿನಲ್ಲಿ ಒಂದು ಜಾತಿಯ ತೆಳು ಚಿಪ್ಪಿನ ಮಳಿ ಬೆಳೆಯುತ್ತದೆ. ಗಾಜು ಬರುವ ಮೊದಲು ಗೋವೆಯ ಮನೆಗಳ ಕಿಟಕಿಗೆ ಕೂರಿಸುತ್ತಿದ್ದದ್ದು ಅದೇ ಚಿಪ್ಪನ್ನು. ಬೆಳಕನ್ನು ಒಳಗೆ ಬಿಟ್ಟು ಬಿಸಿಲನ್ನು ಹೊರಗೇ ನಿಲ್ಲಿಸುವ ಚಿಪ್ಪು. ಅದರ ಮೇಲೆ ನೌಕೆಗಳನ್ನು ಕಟ್ಟಿಹಾಕಬೇಕಂತೆ.

'ಉದ್ಯೋಗ ಬರುತ್ತದಲ್ಲ!' ಎಂಬುದು ದೊಡ್ಡ ಆಕ್ಷೇಪ. ಬರುತ್ತದೆ. ನಾನೂ ಸಂಬಳದಲ್ಲಿ ಬದುಕುವವನು, ಉದ್ಯೋಗವನ್ನು ತುಚ್ಛವಾಗಿ ಕಾಣಲಾರೆ. ಆಲಪ್ಪುಳದ ಕೆಟ್ಟುವಳ್ಳವನ್ನು ಉದಾಹರಿಸುವವರು ಇದ್ದಾರೆ. ಕುಟ್ಟನಾಡಿನ ಅಕ್ಕಿಯನ್ನು ಕೊಚ್ಚಿಗೆ ಹೊರುತ್ತಿದ್ದ ಆ ದೊಡ್ಡ ದೋಣಿಗಳು ಲಾರಿ ಬಂದ ಮೇಲೆ ಕೊಳೆಯುತ್ತ ಬಿದ್ದಿದ್ದಾಗ, 1990ರ ದಶಕದಲ್ಲಿ ಅವಕ್ಕೆ ಕೋಣೆ ಕಟ್ಟಿ ಹೌಸ್‌ಬೋಟ್ ಮಾಡಿದರು. ತೆಂಗಿನ ಹುರಿಯಲ್ಲಿ ಹಲಗೆ ಹೊಲಿಯುವ ಆಚಾರಿಯ ವಿದ್ಯೆ ಉಳಿಯಿತು. ಇದು ನಿಜ. ಕ್ವಿಬೆಕ್‌ನ ಕಥೆಗೆ ಇದು ಹತ್ತಿರದ್ದು. ಆದರೆ ಅಲ್ಲಿಗೆ ನಿಲ್ಲಿಸಲಿಲ್ಲವಲ್ಲ! ಇದ್ದ ದೋಣಿಗಳು ಮುಗಿದ ಮೇಲೆ ಹೊಸವು, ಹೊಸವು ಸಾಲದೆ ಎರಡಂತಸ್ತಿನವು. 2002ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ವೆಂಬನಾಡು ಕಾಯಲಿನ ನೀರಿನ ಮೇಲೆ ಡೀಸೆಲಿನ ಕಾಮನಬಿಲ್ಲು ತೇಲಿತು.

ಇನ್ನು ಸಾವಿನ ಲೆಕ್ಕ. 2007ರಲ್ಲಿ ತಟ್ಟೇಕ್ಕಾಡಿನಲ್ಲಿ ಪ್ರವಾಸಕ್ಕೆ ಬಂದ ಶಾಲಾ ಮಕ್ಕಳು, ಅಧ್ಯಾಪಕರು ಸೇರಿ 18 ಮಂದಿ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ 45 ಮಂದಿ. 2023ರ ಮೇ 7ರಂದು ತಾನೂರಿನಲ್ಲಿ, ಮೀನಿನ ದೋಣಿಯನ್ನು ಮಾರ್ಪಡಿಸಿ ವಿಹಾರದ ಬೋಟು ಮಾಡಿದ್ದರಲ್ಲಿ, 22 ಮಂದಿ, ಹೆಚ್ಚಿನವರು ಮಕ್ಕಳು. ಸಂಚಾರದ ಬೋಟು ಮುಳುಗಿಲ್ಲವೇ? ಮುಳುಗಿದೆ. 2002ರ ಜುಲೈ 27ರಂದು ಕುಮರಕದ ಬಳಿ ಜಲಸಾರಿಗೆ ಇಲಾಖೆಯ ಬೋಟು ಮುಳುಗಿ 29 ಮಂದಿ ತೀರಿಹೋದರು, ಹಲವರು ಪಿ.ಎಸ್.ಸಿ. ಪರೀಕ್ಷೆ ಬರೆಯಲು ಹೊರಟಿದ್ದವರು. ಆದರೆ ಒಂದು ವ್ಯತ್ಯಾಸ ನೋಡಿ. ದಿನವೂ ಒಂದೇ ಕಡವಿನಲ್ಲಿ ದಾಟುವವನಿಗೆ ದೋಣಿ ಎಷ್ಟು ತೂಗುತ್ತದೆ, ಎಷ್ಟು ಜನರಾದರೆ ಇಳಿಯಬೇಕು, ಯಾವ ಗಾಳಿಗೆ ಕಾಯಬೇಕು ಎಂಬುದು ಗೊತ್ತು. ಬೋಟು ತುಂಬಿದರೆ 'ಇನ್ನು ಸಾಕು' ಎಂದು ಗದರುವ ಅಜ್ಜಿ ಅಲ್ಲಿರುತ್ತಾಳೆ. ಒಂದೇ ಸಂಜೆಗಾಗಿ ಟಿಕೇಟು ಕೊಂಡವನಿಗೆ ಹೊಳೆಯೂ ಗೊತ್ತಿಲ್ಲ, ದೋಣಿಯೂ ಗೊತ್ತಿಲ್ಲ. ಮಾರಿದವನಿಗೆ ಗೊತ್ತಿದ್ದರೂ ಹೇಳುವುದಿಲ್ಲ.

ನಮ್ಮ ಊರಿಗೆ ಬರೋಣ. ಬೇಕಲವನ್ನು ಪ್ರವಾಸಿ ಕೇಂದ್ರ ಮಾಡಲು 1995ರಲ್ಲೇ ಸರಕಾರಿ ನಿಗಮ ಏರ್ಪಟ್ಟಿತು. ತೇಜಸ್ವಿನಿ ಹೊಳೆಯಲ್ಲಿ, ವಲಿಯಪರಂಬದ ಕಾಯಲಿನಲ್ಲಿ ಹೌಸ್‌ಬೋಟುಗಳು ಬಂದವು. 2018ರಲ್ಲಿ ಕೇರಳ ಸರಕಾರ ಮಲನಾಡು–ಮಲಬಾರ್ ನದಿ ವಿಹಾರ ಯೋಜನೆಗೆ ಚಾಲನೆ ಕೊಟ್ಟಿತು. ಕಣ್ಣೂರು, ಕಾಸರಗೋಡು ಜಿಲ್ಲೆಗಳ ಹೊಳೆಗಳು ಅದರ ನಕ್ಷೆಯಲ್ಲಿವೆ, ನಮ್ಮ ಚಂದ್ರಗಿರಿಯೂ ಇದೆ. ಚಂದ್ರಗಿರಿ ಎಂದರೆ ಸಾಮಾನ್ಯ ಹೊಳೆಯಲ್ಲ. ತುಳುನಾಡಿಗೂ ಮಲೆಯಾಳಕ್ಕೂ ನಡುವಿನ ಗೆರೆಯೆಂದು ತಲೆಮಾರುಗಳಿಂದ ಎಣಿಸಿದ ಹೊಳೆ. ಆಚೆ ದಂಡೆಯ ನಾಯರ್ ಹೆಂಗಸರು ದಾಟಬಾರದೆಂದು ಒಂದು ಕಾಲದಲ್ಲಿ ಕಟ್ಟಳೆಯಿದ್ದ ಹೊಳೆ. ಅದನ್ನು ಗೆರೆಯಾಗಿ ಉಳಿಯಗೊಡದೆ ದಾರಿ ಮಾಡಿದವರು ಯಾವ ಸರಕಾರವೂ ಅಲ್ಲ, ಜಲ್ಲೆ ಹಿಡಿದ ಕಡವಿನವರು. ಕನ್ನಡ ಮಲೆಯಾಳಗಳು ಒಂದೇ ಹೊದಿಕೆಯೊಳಗಿರುವ ಇಂಥ ಸಂಚಿಕೆಯೊಂದು ಸಾಧ್ಯವಾಗಿದ್ದರೆ ಅದರ ಹಿಂದೆ ಅವರ ರಟ್ಟೆಯೂ ಇದೆ.

ಆದ್ದರಿಂದ ಚಂದ್ರಗಿರಿಗೆ ವಿಹಾರದ ಬೋಟು ಬರಲೇಬಾರದು ಎಂದು ನಾನು ಹೇಳುತ್ತಿಲ್ಲ. ಜಲೋತ್ಸವ ಬರಲಿ, ವಳ್ಳಂಕಳಿ ಬರಲಿ, ನಾನೂ ದಂಡೆಯಲ್ಲಿ ನಿಂತು ಕೂಗು ಹಾಕುತ್ತೇನೆ. ಆದರೆ ಸರತಿ ಯಾವುದು ಮೊದಲು, ಯಾವುದು ಆಮೇಲೆ? ಹೊಯ್ಗೆ ಕದ್ದು ತೋಡಿದ ಗುಂಡಿಗಳಲ್ಲಿ ಹೊಳೆಯ ದಂಡೆ ಜರಿಯುತ್ತಿದೆ. ಅದನ್ನು ನಿಲ್ಲಿಸುವುದು ಮೊದಲೋ, ಜೆಟ್ಟಿಗೆ ಹಂಚು ಹೊದಿಸುವುದು ಮೊದಲೋ? ಪಳಯಂಗಾಡಿಯ ಕಲ್ಲೇನ್ ಪೊಕ್ಕುಡನ್ ತನ್ನ ಕೈಯಾರೆ ಕಾಂಡ್ಲ ಗಿಡಗಳನ್ನು ನೆಟ್ಟು ನೆಟ್ಟು 2015ರಲ್ಲಿ ತೀರಿಕೊಂಡರು. ಬೋಟು ತಿರುಗಿಸಲು ಜಾಗ ಬೇಕೆಂದು ಆ ಗಿಡದ ಜಾತಿಯನ್ನು ಕಡಿಯುವವರು ಯಾರ ಅನುಮತಿ ಕೇಳಿದ್ದಾರೆ? ಯೋಜನೆಯ ಕಾಗದಗಳಲ್ಲಿ ಪ್ರವಾಸಿಗರಿಗೆ ತೆಯ್ಯಂ ತೋರಿಸುವ ಮಾತಿದೆ, ಯಕ್ಷಗಾನ ತೋರಿಸುವ ಮಾತಿದೆ. ದಂಡೆಯವರನ್ನು ದಾಟಿಸುವ ಮಾತು ಎಲ್ಲಿದೆ?

ಹೊಸ ಜೆಟ್ಟಿಗಳನ್ನು ಉದ್ಘಾಟಿಸಲು ಬರುವ ಮಂತ್ರಿಗಳಿಗೆ, ಅಧಿಕಾರಿಗಳಿಗೆ ಓದುಗರು ಒಂದು ಸಣ್ಣ ಪ್ರಶ್ನೆ ಕೇಳಬೇಕೆಂದು ಕೋರುತ್ತೇನೆ. ಹಾರ ಹಾಕುವ ಮೊದಲೇ ಕೇಳಬೇಕು, ಎರಡೂ ಭಾಷೆಗಳಲ್ಲಿ ಕೇಳಬೇಕು. ಈ ಜೆಟ್ಟಿಯಿಂದ ಬೆಳಗ್ಗೆ ಎಂಟು ಗಂಟೆಗೆ, ಶಾಲೆಯ ಹೊತ್ತಿಗೆ, ಆಚೆ ದಡಕ್ಕೆ ಒಂದು ದೋಣಿ ಇದೆಯೇ? ಸಂಜೆ ಐದಕ್ಕೆ ಹಿಂದೆ ಬರಲು ಇದೆಯೇ? ಅದಕ್ಕೆ ದರ ಎಷ್ಟು? ಜೂನ್, ಜುಲೈ ತಿಂಗಳಲ್ಲಿ, ಪ್ರವಾಸಿಗರು ಯಾರೂ ಇಲ್ಲದಾಗ, ಅದು ಓಡುತ್ತದೆಯೇ?